ಮತಪೆಟ್ಟಿಗೆ ಬಂತು, ಬೀಗದ ಕೈ ಬರಲಿಲ್ಲ

2023ರ ಅಕ್ಟೋಬರ್ 23ರಂದು ಕೆನಡಾದ ಉತ್ತರದಂಚಿನ ನುನಾವುಟ್ ಪ್ರದೇಶದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಯಿತು. ಹಿಮ ಬೀಳತೊಡಗಿದ್ದ ಋತುವದು. ಅತ್ಯಂತ ಉತ್ತರದ ಗ್ರೀಸ್ ಫಿಯೋರ್ಡ್ ಎಂಬ ಊರಿನಲ್ಲಿ ಇನ್ನು ಕೆಲವೇ ದಿನಗಳಲ್ಲಿ ಸೂರ್ಯ ಮುಳುಗಿ, ಮುಂದಿನ ಫೆಬ್ರವರಿಯವರೆಗೆ ಮುಖ ತೋರಿಸದಿರುವ ಕಾಲ. 2021ರ ಜನಗಣತಿಯಂತೆ ಆ ಊರಿನ ಜನಸಂಖ್ಯೆ ಕೇವಲ 144. ಆ 144 ಮಂದಿಗೂ ಒಬ್ಬ ಮೇಯರ್ ಬೇಕು, ಒಂದು ಪರಿಷತ್ತು ಬೇಕು, ಒಂದು ಮತಪೆಟ್ಟಿಗೆ ಬೇಕು.

‘ಬೇಕೇ?’ ಎಂದು ಹುಬ್ಬೇರಿಸುವವರಿದ್ದಾರೆ. ಈ ಲೇಖನ ಅವರಿಗೆ ಉತ್ತರ.

ಮೊದಲು ನಾಡಿನ ಪರಿಚಯವಾಗಲಿ. ನುನಾವುಟ್ ಎಂದರೆ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಭಾಷೆಯಲ್ಲಿ ‘ನಮ್ಮ ನೆಲ’. ವಿಸ್ತೀರ್ಣ ಸುಮಾರು 20 ಲಕ್ಷ ಚದರ ಕಿಲೋಮೀಟರ್. ಅಂದರೆ ಹತ್ತು ಕರ್ನಾಟಕಗಳನ್ನು ಅದರೊಳಗೆ ಇಟ್ಟರೂ ಜಾಗ ಉಳಿಯುತ್ತದೆ. ಅಷ್ಟು ವಿಶಾಲ ನೆಲದಲ್ಲಿ 2021ರಲ್ಲಿ ವಾಸವಾಗಿದ್ದವರು 36,858 ಮಂದಿ. ನಮ್ಮ ಒಂದು ಸಾಧಾರಣ ತಾಲೂಕು ಕೇಂದ್ರದಷ್ಟು ಜನ. ಅವರಲ್ಲಿ ನೂರಕ್ಕೆ ಸುಮಾರು 85 ಮಂದಿ ಇನುಯಿಟರು. ಊರುಗಳು 25. ಒಂದೂರಿನಿಂದ ಇನ್ನೊಂದೂರಿಗೆ ರಸ್ತೆಯಿಲ್ಲ. ಬೇಸಿಗೆಯಲ್ಲಿ ಮಂಜು ಕರಗಿದಾಗ ಹಡಗು ಬರುತ್ತದೆ. ಉಳಿದ ಕಾಲಕ್ಕೆಲ್ಲ ವಿಮಾನವೇ ಗತಿ. ರಾಜಧಾನಿ ಇಕಾಲುಯಿಟ್ ಒಂದೇ ನಗರ. ಉಳಿದ 24 ಊರುಗಳನ್ನು ‘ಹ್ಯಾಮ್ಲೆಟ್’ ಎನ್ನುತ್ತಾರೆ. ಪ್ರತಿ ಹ್ಯಾಮ್ಲೆಟ್‌ಗೂ ಚುನಾಯಿತ ಪರಿಷತ್ತಿದೆ. ಅಲ್ಲಿ ರಾಜಕೀಯ ಪಕ್ಷಗಳಿಲ್ಲ. ಪ್ರದೇಶದ 22 ಸದಸ್ಯರ ಶಾಸನಸಭೆಯಲ್ಲೂ ಪಕ್ಷಗಳಿಲ್ಲ. ಅಭ್ಯರ್ಥಿ ತನ್ನ ಹೆಸರಿನ ಮೇಲೆಯೇ ಮತ ಕೇಳಬೇಕು.

2019ರವರೆಗೆ ಪ್ರತಿಯೊಂದು ಊರೂ ತನ್ನ ಚುನಾವಣೆಯನ್ನು ತಾನೇ ನಡೆಸಿಕೊಳ್ಳುತ್ತಿತ್ತು. ಆ ವರ್ಷದ ಅಕ್ಟೋಬರ್ 28ರಂದು ಮೊದಲ ಬಾರಿಗೆ ಎಲ್ಲ ಊರುಗಳಲ್ಲೂ ಒಂದೇ ದಿನ, ಒಂದೇ ನಿಯಮದಡಿ, ಪ್ರದೇಶದ ಚುನಾವಣಾ ಕಚೇರಿಯ ಉಸ್ತುವಾರಿಯಲ್ಲಿ ಮತದಾನವಾಯಿತು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಯೆಂಬ ನಿಯಮ ಬಂತು. ಮೇಯರ್, ಕೌನ್ಸಿಲರುಗಳ ಜೊತೆಗೆ ಊರಿನ ಶಿಕ್ಷಣ ಪ್ರಾಧಿಕಾರದ ಸದಸ್ಯರೂ ಅಂದೇ ಆಯ್ಕೆಯಾಗುತ್ತಾರೆ. ಇದು ಒಳ್ಳೆಯ ಸುಧಾರಣೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ 2019ರಲ್ಲಾಗಲಿ 2023ರಲ್ಲಾಗಲಿ ಅನೇಕ ಊರುಗಳಲ್ಲಿ ಮೇಯರ್ ಅವಿರೋಧವಾಗಿ ಆಯ್ಕೆಯಾದರು. ಕೆಲವೆಡೆ ಇರುವ ಸ್ಥಾನಗಳಿಗೆ ಬೇಕಾದಷ್ಟು ನಾಮಪತ್ರಗಳೂ ಬರಲಿಲ್ಲ. ಕುರ್ಚಿಗಳು ಖಾಲಿ ಉಳಿದವು.

ಈ ಖಾಲಿ ಕುರ್ಚಿಗಳನ್ನು ತೋರಿಸಿ ಮೂರು ಬಗೆಯ ವಾದಗಳನ್ನು ಹೂಡಲಾಗುತ್ತದೆ. ಒಂದು, ಇಷ್ಟು ಕಡಿಮೆ ಜನರಿಗೆ ಇಷ್ಟೊಂದು ಪರಿಷತ್ತುಗಳು ದುಂದುವೆಚ್ಚ. ಅಧಿಕಾರಿಗಳನ್ನು ನೇಮಿಸಿದರೆ ಸಾಕು. ಎರಡು, ಇನುಯಿಟ್ ಸಂಸ್ಕೃತಿಯೇ ಒಮ್ಮತದ ಸಂಸ್ಕೃತಿ; ಅವರಿಗೆ ಸ್ಪರ್ಧೆ ಒಗ್ಗುವುದಿಲ್ಲ. ಮೂರು, ಅವರು ಇನ್ನೂ ಕಲಿಯಬೇಕು. ಸಾಮರ್ಥ್ಯ ಬಂದ ಮೇಲೆ ಅಧಿಕಾರ ಕೊಡೋಣ. ಮೂರೂ ಮೇಲ್ನೋಟಕ್ಕೆ ಸಭ್ಯವಾದ ಮಾತುಗಳೇ. ಆದರೆ ಮೂರರ ಹಿಂದೆಯೂ ಒಂದೇ ಸುಳ್ಳು ಅಡಗಿದೆ. ಜನರು ಕುರ್ಚಿಯಿಂದ ದೂರ ಸರಿದಿರುವುದಕ್ಕೆ ಜನರೇ ಕಾರಣ ಎಂಬುದು ಆ ಸುಳ್ಳು. ನಿಜವೆಂದರೆ ಅವರ ಕೈಗೆ ಮತಪೆಟ್ಟಿಗೆ ಕೊಟ್ಟವರು ಖಜಾನೆಯ ಬೀಗದ ಕೈಯನ್ನು ತಮ್ಮ ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದಾರೆ.

ಎಣಿಕೆಯ ವಾದ

ಮೊದಲ ವಾದವನ್ನು ತೆಗೆದುಕೊಳ್ಳೋಣ. 144 ಮಂದಿಗೆ ಪರಿಷತ್ತು ಏಕೆ ಎಂದು ಕೇಳುವವರು, ಆ 144 ಮಂದಿ ಅಲ್ಲಿಗೆ ಬಂದದ್ದು ಹೇಗೆ ಎಂದು ಮೊದಲು ಕೇಳಬೇಕಿತ್ತು. ಗ್ರೀಸ್ ಫಿಯೋರ್ಡ್ ತಾನಾಗಿ ಹುಟ್ಟಿದ ಊರಲ್ಲ. 1953 ಮತ್ತು 1955ರಲ್ಲಿ ಕೆನಡಾ ಸರಕಾರ ಉತ್ತರ ಕ್ವಿಬೆಕ್‌ನ ಇನುಕ್ಜುಆಕ್‌ನಿಂದ ಇನುಯಿಟ್ ಕುಟುಂಬಗಳನ್ನು ಹಡಗಿನಲ್ಲಿ ಹೇರಿ ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ ಸಾಗಿಸಿತು. ಅವರಿಗೆ ಜೊತೆಯಾಗಲೆಂದು ಪಾಂಡ್ ಇನ್ಲೆಟ್‌ನ ಕೆಲವು ಕುಟುಂಬಗಳನ್ನೂ ಕರೆದೊಯ್ಯಲಾಯಿತು. ಗ್ರೀಸ್ ಫಿಯೋರ್ಡ್ ಮತ್ತು ರೆಸೊಲ್ಯೂಟ್ ಎಂಬ ಎರಡು ಕಡೆ ಅವರನ್ನು ಇಳಿಸಲಾಯಿತು. ಬೇಟೆ ಹೇರಳವಾಗಿದೆ, ಎರಡು ವರ್ಷಗಳಲ್ಲಿ ಬೇಡವೆನಿಸಿದರೆ ಮರಳಬಹುದು ಎಂಬ ಮಾತು ಕೊಡಲಾಗಿತ್ತು. ಮಾತು ಉಳಿಯಲಿಲ್ಲ. ಆರ್ಕ್‌ಟಿಕ್ ದ್ವೀಪಗಳ ಮೇಲೆ ಕೆನಡಾದ ಸಾರ್ವಭೌಮತ್ವವನ್ನು ಜಗತ್ತಿಗೆ ತೋರಿಸಲು ಈ ಜನರನ್ನು ಜೀವಂತ ಧ್ವಜಗಂಬಗಳಂತೆ ನೆಡಲಾಯಿತೆಂಬುದು ಸ್ಥಳಾಂತರಗೊಂಡವರ ಆರೋಪ. ಸರಕಾರ ಕ್ಷಮೆ ಕೇಳಿದ್ದು 2010ರ ಆಗಸ್ಟ್ 18ರಂದು. ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲದ ಬಳಿಕ.

ಯಾರನ್ನೂ ಕೇಳದೆ ಒಂದು ಜನಸಮೂಹವನ್ನು ಭೂಮಿಯ ತುದಿಗೆ ಸಾಗಿಸುವಾಗ ಅವರ ಸಂಖ್ಯೆ ಕಡಿಮೆಯೆಂದು ಯಾರಿಗೂ ತೋಚಲಿಲ್ಲ. ಅವರು ತಮ್ಮ ಊರಿನ ನೀರು, ನೆಲ, ದಾರಿಗಳ ಬಗ್ಗೆ ತಾವೇ ತೀರ್ಮಾನಿಸಲು ಮತ ಹಾಕುವಾಗ ಮಾತ್ರ ಸಂಖ್ಯೆ ಕಡಿಮೆಯಾಗಿ ಕಾಣುತ್ತದೆ! ಇದಾವ ನ್ಯಾಯ?

ಈ ಜನರಿಗೆ ಮತದ ಹಕ್ಕು ಸಿಕ್ಕಿದ ಕಥೆಯನ್ನೂ ತಿಳಿಯಬೇಕು. 1934ರ ಕಾನೂನು ಇನುಯಿಟರನ್ನು ಮತದಾನದಿಂದ ಹೊರಗಿಟ್ಟಿತು. 1950ರಲ್ಲಿ ಹಕ್ಕು ಮರಳಿತು. ಆದರೆ ಪೂರ್ವ ಆರ್ಕ್‌ಟಿಕ್‌ನ ಊರುಗಳಿಗೆ ಮತಪೆಟ್ಟಿಗೆಗಳು ತಲುಪಿದ್ದು 1962ರಲ್ಲಿ. ಹನ್ನೆರಡು ವರ್ಷ ಕಾಲ ಕಾಗದದಲ್ಲಿ ಹಕ್ಕಿತ್ತು, ಊರಿನಲ್ಲಿ ಪೆಟ್ಟಿಗೆಯಿರಲಿಲ್ಲ. ಅದೇ ಕಾಲದಲ್ಲಿ ಇನುಯಿಟರ ಹೆಸರುಗಳನ್ನು ಬರೆಯುವುದು ಕಷ್ಟವೆಂದು ಸರಕಾರ ಅವರಿಗೆ ಸಂಖ್ಯೆಗಳನ್ನು ಕೊಟ್ಟಿತ್ತು. 1941ರಿಂದ ಪ್ರತಿಯೊಬ್ಬರೂ ಸಂಖ್ಯೆ ಕೊರೆದ ಬಿಲ್ಲೆಯೊಂದನ್ನು ಇಟ್ಟುಕೊಳ್ಳಬೇಕಿತ್ತು. ಕಡತಗಳಲ್ಲಿ ಮನುಷ್ಯನಿರಲಿಲ್ಲ, ಅಂಕಿಯಿತ್ತು. 1966ರಲ್ಲಿ ಸಿಮೋನಿ ಮೈಕಲ್ ಎಂಬವರು ಅಂದಿನ ವಾಯವ್ಯ ಪ್ರದೇಶಗಳ ಪರಿಷತ್ತಿಗೆ ಚುನಾಯಿತರಾದ ಮೊದಲ ಇನುಯಿಟ್ ಪ್ರತಿನಿಧಿಯಾದರು. ತನ್ನನ್ನು ಬಿಲ್ಲೆಯ ಸಂಖ್ಯೆಯಿಂದ ಗುರುತಿಸುವುದು ಬೇಡವೆಂದು ಅವರು ಸಭೆಯಲ್ಲೇ ಹೇಳಿದರು. ಆ ಬಳಿಕವೇ ಅಬ್ರಹಾಂ ಒಕ್‌ಪಿಕ್ ಎಂಬ ಇನುಯಿಟ್ ನಾಯಕ ಊರೂರು ಸುತ್ತಿ, ಮನೆಮನೆಯವರನ್ನು ಕೇಳಿ, ಕುಟುಂಬದ ಹೆಸರುಗಳನ್ನು ದಾಖಲಿಸುವ ಕೆಲಸ ನಡೆಯಿತು.

ಚುನಾಯಿತನಾದ ಒಬ್ಬ ಮನುಷ್ಯ ಸಭೆಯಲ್ಲಿ ಎದ್ದು ನಿಂತದ್ದರಿಂದ ಒಂದು ಜನಾಂಗ ಅಂಕಿಯಿಂದ ಹೆಸರಿಗೆ ಮರಳಿತು. ನೇಮಕಗೊಂಡ ಯಾವ ಅಧಿಕಾರಿಯೂ ಆ ಕೆಲಸ ಮಾಡಿರಲಿಲ್ಲ. ಅಧಿಕಾರಿಗಳೇ ಸಾಕೆನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಒಮ್ಮತದ ಮುಖವಾಡ

ಎರಡನೆಯ ವಾದ ಹೆಚ್ಚು ಮೋಸದ್ದು. ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಇನುಯಿಟರು ಸಮಾಲೋಚನೆಯ ಜನ, ಹಿರಿಯರ ಮಾತಿಗೆ ತಲೆಬಾಗುವವರು, ಆದ್ದರಿಂದಲೇ ಅವಿರೋಧ ಆಯ್ಕೆ ಎನ್ನುತ್ತಾರೆ. ಸಮಾಲೋಚನೆ ಅವರ ಪರಂಪರೆಯ ದೊಡ್ಡ ಗುಣವೆಂಬುದು ನಿಜ. ಆದರೆ ಸಮಾಲೋಚನೆ ಎಂದರೆ ಮೌನವಲ್ಲ. ಭಿನ್ನಾಭಿಪ್ರಾಯವನ್ನು ಹೇಳಿ, ಕೇಳಿ, ತೂಗಿ ಬಳಿಕ ಬರುವ ತೀರ್ಮಾನವೇ ಒಮ್ಮತ. ಹೇಳುವವರೇ ಇಲ್ಲದ ಸಭೆಯಲ್ಲಿ ಒಮ್ಮತವೆಲ್ಲಿಂದ ಬಂತು?

ಈ ಜನರಿಗೆ ಮತದಾನದಲ್ಲಿ ಆಸಕ್ತಿಯಿಲ್ಲ ಎಂಬುದನ್ನು ಚರಿತ್ರೆಯೇ ಅಲ್ಲಗಳೆಯುತ್ತದೆ. ನುನಾವುಟ್ ಹುಟ್ಟಿದ್ದೇ ಮತದಿಂದ. 1982ರ ಏಪ್ರಿಲ್‌ನಲ್ಲಿ ವಾಯವ್ಯ ಪ್ರದೇಶಗಳ ಜನರು ತಮ್ಮ ನಾಡನ್ನು ವಿಭಜಿಸುವ ಪರವಾಗಿ ಮತ ಹಾಕಿದರು. 1992ರಲ್ಲಿ ಇನುಯಿಟರು ಭೂಹಕ್ಕಿನ ಒಪ್ಪಂದಕ್ಕೆ ಮತದ ಮೂಲಕ ಸಮ್ಮತಿ ಕೊಟ್ಟರು. 1993ರ ಮೇ 25ರಂದು ಇಕಾಲುಯಿಟ್‌ನಲ್ಲಿ ಸಹಿಯಾಯಿತು. 1995ರಲ್ಲಿ ರಾಜಧಾನಿ ಯಾವುದಾಗಬೇಕೆಂಬುದನ್ನೂ ಮತವೇ ತೀರ್ಮಾನಿಸಿತು. 1999ರ ಏಪ್ರಿಲ್ 1ರಂದು ನುನಾವುಟ್ ಅಸ್ತಿತ್ವಕ್ಕೆ ಬಂತು.

ಸ್ಪರ್ಧೆ, ವಾಗ್ವಾದ ಅವರಿಗೆ ಒಗ್ಗುವುದಿಲ್ಲವೆಂಬುದೂ ಸುಳ್ಳು. 1997ರ ಮೇ 26ರಂದು ಅಲ್ಲೊಂದು ಅಪೂರ್ವ ಜನಾಭಿಪ್ರಾಯ ಸಂಗ್ರಹ ನಡೆಯಿತು. ಪ್ರತಿ ಕ್ಷೇತ್ರದಿಂದ ಒಬ್ಬ ಪುರುಷ, ಒಬ್ಬ ಮಹಿಳೆ ಶಾಸನಸಭೆಗೆ ಆಯ್ಕೆಯಾಗಬೇಕೆಂಬುದು ಪ್ರಸ್ತಾಪ. ನುನಾವುಟ್‌ನ ಪಿತಾಮಹರೆಂದು ಹೆಸರಾದ ಜಾನ್ ಅಮಾಗೊಆಲಿಕ್ ಅಧ್ಯಕ್ಷರಾಗಿದ್ದ ಆಯೋಗವೇ ಅದನ್ನು ಮುಂದಿಟ್ಟಿತ್ತು. ಬಾಲ್ಯದಲ್ಲಿ ರೆಸೊಲ್ಯೂಟ್‌ಗೆ ಸ್ಥಳಾಂತರಗೊಂಡವರಲ್ಲಿ ಅವರೂ ಒಬ್ಬರು. ಅಷ್ಟು ದೊಡ್ಡ ನಾಯಕನ ಆಯೋಗದ ಪ್ರಸ್ತಾಪವನ್ನು ನೂರಕ್ಕೆ ಸುಮಾರು 57 ಮಂದಿ ತಿರಸ್ಕರಿಸಿದರು. ಆ ತೀರ್ಮಾನ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ತಮ್ಮ ನಾಯಕರಿಗೂ ‘ಇಲ್ಲ’ ಎನ್ನಬಲ್ಲ ಜನರು ಅವರೆಂಬುದು ಮುಖ್ಯ.

ಇನ್ನೂ ಬಲವಾದ ಸಾಕ್ಷ್ಯ 2016ರ ಮೇ ತಿಂಗಳದ್ದು. ನುನಾವುಟ್‌ನ ಊರುಗಳಲ್ಲಿ ನಿವೇಶನಗಳು ಖಾಸಗಿ ಸ್ವತ್ತಲ್ಲ. ಊರಿನ ನೆಲ ಸ್ಥಳೀಯ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಮನೆ ಕಟ್ಟುವವರು ಗುತ್ತಿಗೆಗೆ ಪಡೆಯುತ್ತಾರೆ. ಈ ನೆಲವನ್ನು ಮಾರುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಇರಬೇಕೇ ಎಂಬ ಪ್ರಶ್ನೆಯನ್ನು 25 ಊರುಗಳ ಮುಂದೆಯೂ ಪ್ರತ್ಯೇಕವಾಗಿ ಇಡಲಾಯಿತು. ಉತ್ತರವೇನು? ಇಪ್ಪತ್ತೈದಕ್ಕೆ ಇಪ್ಪತ್ತೈದೂ ಊರುಗಳು ‘ಬೇಡ’ ಎಂದವು. ನೆಲ ಮಾರಾಟಕ್ಕೆ ಬಂದರೆ ಅದನ್ನು ಕೊಳ್ಳುವ ಶಕ್ತಿ ಯಾರಿಗಿದೆ, ಕಳೆದುಕೊಳ್ಳುವವರು ಯಾರು ಎಂಬುದನ್ನು ಅವರಿಗೆ ಯಾವ ಅರ್ಥಶಾಸ್ತ್ರಜ್ಞನೂ ಕಲಿಸಬೇಕಾಗಿರಲಿಲ್ಲ. ‘ನಮ್ಮ ನೆಲ’ ಎಂಬುದನ್ನು ತಮ್ಮ ನಾಡಿಗೇ ಹೆಸರಾಗಿ ಇಟ್ಟುಕೊಂಡವರು ಅವರು.

ಪ್ರಶ್ನೆ ನಿಜವಾದದ್ದಾಗಿದ್ದಾಗ, ತಮ್ಮ ಉತ್ತರದಿಂದ ಏನಾದರೂ ನಿರ್ಧಾರವಾಗುತ್ತದೆಂದು ಖಾತ್ರಿಯಿದ್ದಾಗ ಇದೇ ಜನರು ಮತಗಟ್ಟೆಗೆ ಬಂದು ಸ್ಪಷ್ಟವಾಗಿ ಮಾತಾಡಿದ್ದಾರೆ. ಹಾಗಿದ್ದರೆ ಪರಿಷತ್ತಿನ ಕುರ್ಚಿ ಖಾಲಿ ಉಳಿಯುವುದೇಕೆ? ಆ ಕುರ್ಚಿಯಲ್ಲಿ ಕುಳಿತವನಿಂದ ಏನು ನಿರ್ಧಾರವಾಗುತ್ತದೆಂದು ನೋಡಬೇಕು.

ಬಡ ಪರಿಷತ್ತು, ಭಾರದ ಹೊರೆ

ಹ್ಯಾಮ್ಲೆಟ್ ಪರಿಷತ್ತಿನ ಕೆಲಸ ಅಲಂಕಾರದ್ದಲ್ಲ. ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿರುವ ನಾಡಿನಲ್ಲಿ ಕೊಳವೆ ಹೂಳುವುದು ಸುಲಭವಲ್ಲ. ಬಹುತೇಕ ಊರುಗಳಲ್ಲಿ ಕುಡಿಯುವ ನೀರು ಟ್ಯಾಂಕರ್ ಲಾರಿಯಲ್ಲಿ ಮನೆಮನೆಗೆ ಹೋಗಬೇಕು. ಮನೆಯ ಹೊಲಸು ನೀರನ್ನು ಇನ್ನೊಂದು ಲಾರಿ ಹೀರಿಕೊಂಡು ಒಯ್ಯಬೇಕು. ಹಿಮಗಾಳಿ ಎದ್ದು ಲಾರಿ ನಿಂತರೆ ಒಲೆಯ ಮೇಲೆ ಇಡಲು ನೀರಿಲ್ಲ. ದಾರಿಯ ಹಿಮ ಸರಿಸುವುದು, ಕಸ, ಅಗ್ನಿಶಾಮಕ ದಳ, ಸಮುದಾಯ ಭವನ ಎಲ್ಲವೂ ಪರಿಷತ್ತಿನ ಹೊಣೆ. ನೀರು ಬಾರದಿದ್ದರೆ ಜನರು ಕೇಳುವುದು ಒಟ್ಟಾವದ ಮಂತ್ರಿಯನ್ನಲ್ಲ, ನೆರೆಮನೆಯ ಕೌನ್ಸಿಲರನ್ನು.

ಆದರೆ ಆ ಕೌನ್ಸಿಲರನ ಬಳಿ ಏನಿದೆ? ಸ್ವಂತ ಆಸ್ತಿ ತೆರಿಗೆ ಹಾಕಿ ವಸೂಲಿ ಮಾಡುವ ಸ್ಥಳೀಯ ಸಂಸ್ಥೆ ಇಡೀ ನುನಾವುಟ್‌ನಲ್ಲಿ ಒಂದೇ ಒಂದು: ಇಕಾಲುಯಿಟ್ ನಗರ. ಉಳಿದ 24 ಊರುಗಳು ಪ್ರದೇಶ ಸರಕಾರದ ಅನುದಾನಕ್ಕೆ ಕೈಯೊಡ್ಡಿ ಕೂರಬೇಕು. ಪ್ರದೇಶ ಸರಕಾರವಾದರೂ ಶ್ರೀಮಂತವೇ? ಅದರ ಆದಾಯದ ಬಹುದೊಡ್ಡ ಪಾಲು ಬರುವುದು ಒಟ್ಟಾವದಿಂದ. ಲಾರಿ ಕೆಟ್ಟರೆ ಬಿಡಿಭಾಗಕ್ಕೆ ವಿಮಾನ ಕಾಯಬೇಕು. ಹೊಸ ಲಾರಿ ಬೇಕೆಂದರೆ ಅನುದಾನವನ್ನೂ ಕಾಯಬೇಕು, ಬೇಸಿಗೆಯ ಹಡಗನ್ನೂ ಕಾಯಬೇಕು. ಪರಿಷತ್ತು ಹಾದಿ ತಪ್ಪಿತೆಂದು ಕಂಡರೆ ಮೇಲಿನಿಂದ ಆಡಳಿತಗಾರನನ್ನು ಕೂರಿಸಲು ಮಂತ್ರಿಗೆ ಕಾನೂನಿನ ಅಧಿಕಾರವಿದೆ. ಹಣ ಸಾಲದೆ ಊರು ತತ್ತರಿಸಿದಾಗ ಸಕಾಲಕ್ಕೆ ಹಣ ಕೇಳಿ ಪಡೆಯುವ ಅಧಿಕಾರ ಪರಿಷತ್ತಿಗಿಲ್ಲ.

ಬೈಗುಳಕ್ಕೆ ಹತ್ತಿರ, ಖಜಾನೆಗೆ ದೂರ! ಇಂಥ ಕುರ್ಚಿಗೆ ಯಾರು ನಾಮಪತ್ರ ಹಾಕುತ್ತಾರೆ? ಸಣ್ಣ ಊರಿನಲ್ಲಿ ಹಾಕುವವರೂ ಅದೇ ನಾಲ್ಕಾರು ಮಂದಿ. ಪರಿಷತ್ತಿಗೂ ಅವರೇ, ಬೇಟೆಗಾರರ ಸಂಘಕ್ಕೂ ಅವರೇ, ಶಿಕ್ಷಣ ಪ್ರಾಧಿಕಾರಕ್ಕೂ ಅವರೇ. ಒಂದೆರಡು ಅವಧಿಯಲ್ಲಿ ದಣಿದು ಹಿಂದೆ ಸರಿಯುತ್ತಾರೆ. ಆ ದಣಿವನ್ನೇ ‘ಉದಾಸೀನ’ ಎಂದು ಕರೆಯುವುದು ಅನ್ಯಾಯಕ್ಕೆ ಅವಮಾನವನ್ನು ಸೇರಿಸಿದಂತೆ.

ಶಿಕ್ಷಣ ಪ್ರಾಧಿಕಾರದ ಕಥೆಯೂ ಇದೇ. 2008ರ ಶಿಕ್ಷಣ ಕಾನೂನು 2019ರ ಹೊತ್ತಿಗೆ ಎಲ್ಲ ತರಗತಿಗಳಲ್ಲೂ ಇನುಯಿಟ್ ಭಾಷೆಯಲ್ಲಿ ಶಿಕ್ಷಣ ದೊರೆಯಬೇಕೆಂದು ಭರವಸೆ ಕೊಟ್ಟಿತ್ತು. ಬೇಕಾದಷ್ಟು ಶಿಕ್ಷಕರನ್ನು ತಯಾರು ಮಾಡಲಿಲ್ಲ. 2020ರಲ್ಲಿ ಕಾನೂನು ತಿದ್ದಿ ಗಡುವನ್ನು 2039ಕ್ಕೆ ತಳ್ಳಲಾಯಿತು. ಅಂದು ಒಂದನೆಯ ತರಗತಿಗೆ ಸೇರಿದ ಮಗು, ಗಡುವು ಬರುವ ಹೊತ್ತಿಗೆ ತನ್ನ ಮಗುವನ್ನು ಶಾಲೆಗೆ ಸೇರಿಸುವ ವಯಸ್ಸಿಗೆ ಬಂದಿರುತ್ತದೆ. ಊರಿನವರು ಮತ ಹಾಕಿ ಆರಿಸಿದ ಶಿಕ್ಷಣ ಪ್ರಾಧಿಕಾರದ ಸದಸ್ಯರು ಈ ತೀರ್ಮಾನದ ಮುಂದೆ ಏನು ಮಾಡಬಲ್ಲವರಾಗಿದ್ದರು? ಮಾತೃಭಾಷೆಯಲ್ಲಿ ಕಲಿಸುವ ಶಿಕ್ಷಕನನ್ನು ಕೊಡಲಾರದ ಪ್ರಾಧಿಕಾರಕ್ಕೆ ಸ್ಪರ್ಧಿಸಲು ತಾಯಂದಿರು ಏಕೆ ಮುಗಿಬೀಳಬೇಕು?

ಸಾಮರ್ಥ್ಯದ ನೆಪ

ಇನ್ನು ಮೂರನೆಯ ವಾದ. ಪರಿಷತ್ತುಗಳಲ್ಲಿ ದೋಷಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಸಣ್ಣ ಊರಿನಲ್ಲಿ ಕೌನ್ಸಿಲರನ ಬಂಧುವೇ ನೌಕರನಾಗಿರುತ್ತಾನೆ. ಲೆಕ್ಕಪತ್ರ ಬಲ್ಲವರು ಕಡಿಮೆ. ದಕ್ಷಿಣದಿಂದ ಬರುವ ಆಡಳಿತಾಧಿಕಾರಿಗಳು ಬಹುಕಾಲ ನಿಲ್ಲುವುದಿಲ್ಲ. ಇಕಾಲುಯಿಟ್‌ನ ಉದಾಹರಣೆಯನ್ನೇ ನೋಡಿ. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಜನರು ನಲ್ಲಿನೀರಿನಲ್ಲಿ ಇಂಧನದ ವಾಸನೆ ಬರುತ್ತಿದೆಯೆಂದು ದೂರಿದರು. ನಗರಾಡಳಿತ ಮೊದಲು ನೀರು ಸರಿಯಾಗಿದೆಯೆಂದೇ ಹೇಳಿತು. ಅಕ್ಟೋಬರ್ 12ರಂದು ತುರ್ತು ಪರಿಸ್ಥಿತಿ ಸಾರಿ, ನೀರು ಕುಡಿಯಬಾರದೆಂದು ಆದೇಶಿಸಬೇಕಾಯಿತು. ಸುಮಾರು ಎರಡು ತಿಂಗಳು, ಡಿಸೆಂಬರ್ 10ರವರೆಗೆ, ಏಳು ಸಾವಿರಕ್ಕೂ ಹೆಚ್ಚು ಜನರು ಬಾಟಲಿ ನೀರು ಮತ್ತು ನದಿಯ ನೀರಿನಲ್ಲಿ ದಿನ ದೂಡಿದರು. ವಾಸನೆಯನ್ನು ಮೊದಲು ಹಿಡಿದವರು ಜನಸಾಮಾನ್ಯರು. ಅವರ ಮಾತಿಗೆ ಕೂಡಲೇ ಬೆಲೆ ಕೊಡದಿದ್ದುದು ನಗರಾಡಳಿತದ ತಪ್ಪೇ ಸರಿ.

ಆದರೆ ಆ ಇಂಧನ ಎಲ್ಲಿಂದ ಬಂತು? ನೀರು ಶುದ್ಧೀಕರಣ ಘಟಕದ ಬಳಿ 1962ರಿಂದ ನೆಲದಡಿ ಹೂತಿದ್ದ ಹಳೆಯ ಇಂಧನ ತೊಟ್ಟಿಯೊಂದು ಪತ್ತೆಯಾಯಿತು. ಮತಪೆಟ್ಟಿಗೆ ಆ ಸೀಮೆಗೆ ತಲುಪಿದ ವರ್ಷವೇ ಅದೂ ನೆಲ ಸೇರಿತ್ತು! ನುನಾವುಟ್ ಹುಟ್ಟುವುದಕ್ಕಿಂತ 37 ವರ್ಷ ಹಿಂದೆ ಹೂತುಹೋದ ವಸ್ತುವಿನ ಫಲವನ್ನು ಇಂದಿನ ಮೇಯರ್ ಉಣ್ಣಬೇಕಾಯಿತು. ತೆರಿಗೆಯ ಅಧಿಕಾರವಿರುವ ಏಕೈಕ ನಗರಕ್ಕೂ ತನ್ನ ನೀರಿನ ವ್ಯವಸ್ಥೆಯನ್ನು ಸ್ವಂತ ಬಲದಿಂದ ಸರಿಪಡಿಸಿಕೊಳ್ಳಲಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ 21.4 ಕೋಟಿ ಡಾಲರ್ ಘೋಷಿಸಿತು. ರಾಜಧಾನಿಯ ಜನರು ಎರಡು ತಿಂಗಳು ನೀರಿಲ್ಲದೆ ನರಳಿದ ಬಳಿಕ ಬಂದ ಹಣವದು. ಅಂಥ ಸಂಕಟ ಗ್ರೀಸ್ ಫಿಯೋರ್ಡ್‌ನ 144 ಮಂದಿಗೆ ಒದಗಿದ್ದರೆ ಯಾವ ಕ್ಯಾಮೆರಾ ಅಲ್ಲಿಗೆ ಹೋಗುತ್ತಿತ್ತು?

ಸಾಮರ್ಥ್ಯವಿಲ್ಲವೆನ್ನುವವರು ಸಾಮರ್ಥ್ಯ ಬೆಳೆಸಲು ತಾವು ಮಾಡಿದ್ದೇನೆಂದು ಹೇಳಬೇಕು. 1993ರ ಒಪ್ಪಂದದ ಪ್ರಕಾರ ಸರಕಾರಿ ಉದ್ಯೋಗಗಳಲ್ಲಿ ಇನುಯಿಟರ ಪಾಲು ಅವರ ಜನಸಂಖ್ಯೆಗೆ ತಕ್ಕಂತಿರಬೇಕು, ಅಂದರೆ ನೂರಕ್ಕೆ ಸುಮಾರು 85. ನುನಾವುಟ್ ಹುಟ್ಟಿ ಎರಡು ದಶಕ ಕಳೆದರೂ ಪ್ರದೇಶ ಸರಕಾರದಲ್ಲಿ ಅದು ಅರ್ಧದ ಆಸುಪಾಸಿನಲ್ಲೇ ನಿಂತಿತ್ತು. ಮೇಲಿನ ಹುದ್ದೆಗಳಲ್ಲಿ ಇನ್ನೂ ಕಡಿಮೆ. ಒಪ್ಪಂದವನ್ನು ಪಾಲಿಸಿಲ್ಲವೆಂದು ಇನುಯಿಟರ ಸಂಸ್ಥೆಯಾದ ನುನಾವುಟ್ ಟುಂಗಾವಿಕ್ 2006ರಲ್ಲಿ ಕೇಂದ್ರ ಸರಕಾರದ ಮೇಲೆ ದಾವೆ ಹೂಡಿತು. ಒಂಬತ್ತು ವರ್ಷಗಳ ಬಳಿಕ, 2015ರಲ್ಲಿ, ಸರಕಾರ 25.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದರ ಬಹುಪಾಲು ಮೀಸಲಾದದ್ದು ಇನುಯಿಟರ ತರಬೇತಿಗೆ. ಇದರ ಅರ್ಥವೇನು? ತರಬೇತಿ ಕೊಡಬೇಕಾದವರು ಕೊಡಲಿಲ್ಲ. ಕೊಡಿ ಎಂದು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ಕಾಲು ಕಟ್ಟಿಹಾಕಿ, ನಡೆಯಲು ಬಾರದವನೆಂದು ಮೂದಲಿಸುವುದು ಯಾವ ಪ್ರಾಮಾಣಿಕತೆ?

ಕೊಡಬೇಕಾದುದೇನು?

2024ರ ಜನವರಿ 18ರಂದು ಇಕಾಲುಯಿಟ್‌ನಲ್ಲಿ ಇನ್ನೊಂದು ಒಪ್ಪಂದಕ್ಕೆ ಸಹಿ ಬಿತ್ತು. ನುನಾವುಟ್‌ನಲ್ಲಿ ಕೇಂದ್ರದ ವಶದಲ್ಲಿರುವ ನೆಲ ಮತ್ತು ಖನಿಜ ಸಂಪತ್ತಿನ ಆಡಳಿತವನ್ನು ಪ್ರದೇಶ ಸರಕಾರಕ್ಕೆ ವಹಿಸುವ ಒಪ್ಪಂದವದು. ಹಸ್ತಾಂತರಕ್ಕೆ 2027ರ ಏಪ್ರಿಲ್ 1ರ ಗಡುವನ್ನು ಇಡಲಾಯಿತು. ಇದೊಂದು ಐತಿಹಾಸಿಕ ಹೆಜ್ಜೆಯೆಂದು ಎಲ್ಲರೂ ಕೊಂಡಾಡಿದರು. ನಾವೂ ಸ್ವಾಗತಿಸುತ್ತೇವೆ. ಆದರೆ ಒಟ್ಟಾವದಿಂದ ಹೊರಟ ಅಧಿಕಾರ ಇಕಾಲುಯಿಟ್‌ನ ಕಚೇರಿಗಳಲ್ಲೇ ಬಿಡಾರ ಹೂಡಿದರೆ 24 ಊರುಗಳ ಪಾಲಿಗೆ ಬದಲಾಗುವುದೇನು? ಧಣಿಯ ಮನೆ ಹತ್ತಿರ ಬಂದೀತು, ಅಷ್ಟೆ.

ಆದ್ದರಿಂದ ಕೇಳಬೇಕಾದುದು ಪರಿಷತ್ತುಗಳನ್ನು ಮುಚ್ಚಬೇಕೇ ಎಂದಲ್ಲ, ಅವುಗಳನ್ನು ತುಂಬುವುದು ಹೇಗೆ ಎಂದು. ಗಣಿಗಳಿಂದ ಬರುವ ಆದಾಯದಲ್ಲಿ ಪ್ರತಿ ಊರಿಗೂ ಕಾನೂನಿನಲ್ಲೇ ಒಂದು ಪಾಲು ನಿಗದಿಯಾಗಲಿ. ಅದು ಮಂತ್ರಿಯ ಕೃಪೆಯಾಗಬಾರದು. ಅನುದಾನ ಪರಿಷತ್ತಿನ ನಾಲ್ಕು ವರ್ಷದ ಅವಧಿಗೂ ಮುಂಚಿತವಾಗಿ ಗೊತ್ತಾಗಲಿ. ಗೆದ್ದವನು ಏನು ಮಾಡಬಲ್ಲನೆಂಬುದು ನಾಮಪತ್ರ ಹಾಕುವಾಗಲೇ ತಿಳಿದಿರಲಿ. ಪರಿಷತ್ತಿನ ಕಡತ, ಲೆಕ್ಕ, ತರಬೇತಿ ಎಲ್ಲವೂ ಜನರ ಭಾಷೆಯಲ್ಲಿರಲಿ. ಇವಿಷ್ಟು ಮಾಡಿದ ಮೇಲೂ ಕುರ್ಚಿಗಳು ಖಾಲಿ ಉಳಿದರೆ, ಆಗ ಜನರನ್ನು ದೂರಲು ಬನ್ನಿ.

ಇಷ್ಟು ದೂರದ ಹಿಮನಾಡಿನ ಸಂಗತಿ ನಮಗೇಕೆ ಎಂದು ಓದುಗರಲ್ಲಿ ಕೆಲವರಿಗೆ ಅನಿಸಬಹುದು. ಜನಸಂಖ್ಯೆಯ ತಕ್ಕಡಿಯಲ್ಲಿ ಹಕ್ಕುಗಳನ್ನು ತೂಗುವ ಚಟ ಯಾವುದೇ ಒಂದು ದೇಶದ ಸ್ವತ್ತಲ್ಲ. ‘ನೀವು ಕೆಲವರೇ ಇದ್ದೀರಿ, ನಿಮ್ಮ ಪರವಾಗಿ ನಾವೇ ತೀರ್ಮಾನಿಸುತ್ತೇವೆ’ ಎಂಬ ಮಾತು ಯಾವ ಭಾಷೆಯಲ್ಲಿ ಬಂದರೂ ಅದರ ಅರ್ಥ ಒಂದೇ. ಸ್ವಯಮಾಡಳಿತ ಎಂಬುದು ಬಹುಸಂಖ್ಯೆಗೆ ಸಿಗುವ ಬಹುಮಾನವಲ್ಲ. ಅದು ಮನುಷ್ಯ ಮನುಷ್ಯನಾಗಿರುವುದಕ್ಕೆ ಸಲ್ಲಬೇಕಾದ ಹಕ್ಕು. ಅದು ಟೊರೊಂಟೊದ ಲಕ್ಷಾಂತರ ಮಂದಿಗೆ ಎಷ್ಟು ಸಲ್ಲುತ್ತದೋ ಗ್ರೀಸ್ ಫಿಯೋರ್ಡ್‌ನ 144 ಮಂದಿಗೂ ಅಷ್ಟೇ ಸಲ್ಲುತ್ತದೆ.

ಮತಪೆಟ್ಟಿಗೆ ಆ ಹಿಮನಾಡಿಗೆ ತಲುಪಲು ಹನ್ನೆರಡು ವರ್ಷ ಹಿಡಿಯಿತು. ಬೀಗದ ಕೈ ಇನ್ನೂ ದಾರಿಯಲ್ಲಿದೆ. ಅದನ್ನು ಹಿಡಿದುಕೊಂಡು ಕುಳಿತವರಿಗೆ ಖಾಲಿ ಕುರ್ಚಿಗಳನ್ನು ತೋರಿಸಿ ನಗುವ ಹಕ್ಕಿಲ್ಲ.